ಅಪ್ಪಚ್ಚುವಿನ ಬಡ್ತಿ

ನಾಗಪುರದಲ್ಲಿ ಶೀತಲಗೃಹದ ಯಂತ್ರ ಕೆಟ್ಟು ನಿಂತರೆ ವ್ಯಾಪಾರಿಗಳು ಭುಸಾರಿ ಕಂಪನಿಗೆ ಫೋನ್ ಮಾಡಿ ಮೆಕ್ಯಾನಿಕ್ಕನ್ನು ಕಳಿಸಿ ಎನ್ನುತ್ತಿರಲಿಲ್ಲ, ಅಪ್ಪಚ್ಚು ಇದ್ದಾರಾ ಎಂದು ಕೇಳುತ್ತಿದ್ದರು. ಕಳಮನಾ ಮಾರುಕಟ್ಟೆಯ ಸುತ್ತ ಕಿತ್ತಳೆ, ಮೆಣಸಿನಕಾಯಿ, ಹುಣಸೆ ತುಂಬಿಡುವ ದೊಡ್ಡ ತಂಪು ಕೋಣೆಗಳಲ್ಲಿ ಬಹಳಷ್ಟನ್ನು ಕಟ್ಟಿದ್ದು ಆ ಕಂಪನಿ. ಅವುಗಳ ರಿಪೇರಿಯೂ ಅದರದ್ದೇ. ಅಪ್ಪಚ್ಚುವಿನ ತಂದೆ ವಾಯುಸೇನೆಯಲ್ಲಿದ್ದವರು. ಅವರ ಕೊನೆಯ ಪೋಸ್ಟಿಂಗ್ ನಾಗಪುರದಲ್ಲಾಯಿತು. ನಿವೃತ್ತಿಯಾದ ಮೇಲೆ ಅವರು ಕೊಡಗಿಗೆ ಮರಳಿದರು. ಮಗ ಮಾತ್ರ ಇಲ್ಲೇ ಐಟಿಐ ಮುಗಿಸಿ ಇಲ್ಲೇ ಕೆಲಸ ಹಿಡಿದ, ಪ್ರತಾಪ ನಗರದಲ್ಲಿ ಮನೆ ಮಾಡಿದ, ಕೊಡಗಿಗೆ ಹೋಗಿ ನೀಲಾಳನ್ನು ಮದುವೆಯಾಗಿ ಕರೆತಂದ. ಕಂಪ್ರೆಸರ್ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಅದಕ್ಕೇನಾಗಿದೆಯೆಂದು ಅವನಿಗೆ ತಿಳಿಯುತ್ತದೆ ಎಂದು ಜನ ಹೇಳುತ್ತಿದ್ದರು. ಅದು ಸ್ವಲ್ಪ ಉತ್ಪ್ರೇಕ್ಷೆ. ಆದರೆ ಪೂರ್ತಿ ಸುಳ್ಳೂ ಅಲ್ಲ.

ಹಾಗಾಗಿ ಸರ್ವಿಸ್ ಮ್ಯಾನೇಜರ್ ನಿವೃತ್ತರಾದಾಗ ಆ ಜಾಗಕ್ಕೆ ಯಾರು ಎಂಬ ಚರ್ಚೆಯೇ ಹೆಚ್ಚು ನಡೆಯಲಿಲ್ಲ. ಮಾಲೀಕರಾದ ವಾಸುದೇವರಾವ್ ಭುಸಾರಿ ಮೊದಲಿನಿಂದಲೂ ನಂಬಿದ್ದು ಒಂದನ್ನೇ: ಚೆನ್ನಾಗಿ ಕೆಲಸ ಮಾಡುವವನು ಮೇಲೆ ಹೋಗಬೇಕು, ಮೇಲೆ ಹೋಗುವುದೆಂದರೆ ಅವನ ಕೈಕೆಳಗೆ ಜನ ಇರಬೇಕು. ಅವರೂ ಹಾಗೆಯೇ ಬೆಳೆದವರು. ಬಡ್ತಿಯ ಆದೇಶ ತಯಾರಿಸಿದ್ದು ಸಿಬ್ಬಂದಿ ವಿಭಾಗದ ಮುಖ್ಯಸ್ಥೆ ಮೃದುಲಾ. ಅವಳು ಹುಬ್ಬಳ್ಳಿ ಕಡೆಯವಳು, ರೈಲ್ವೆ ನೌಕರರೊಬ್ಬರ ಮಗಳು. ಆಫೀಸಿನಲ್ಲಿ ಅವಳೊಡನೆ ಕನ್ನಡ ಮಾತಾಡುವ ಇಬ್ಬರು ಮೂವರಲ್ಲಿ ಅಪ್ಪಚ್ಚು ಒಬ್ಬ. ಆದೇಶ ಅವನ ಕೈಗಿಡುವಾಗ ಅವಳಿಗೂ ಖುಷಿಯಾಗಿತ್ತು.

ಆ ಜಾಗವನ್ನು ಬೇಕೆಂದು ಕೇಳಿದವಳು ಒಬ್ಬಳೇ, ಚಂಪಾ ವಾನಖೇಡೆ. ಗ್ರಾಹಕರ ಫೋನ್ ಎತ್ತಿಕೊಂಡು, ಯಾವ ಮೆಕ್ಯಾನಿಕ್ ಎಲ್ಲಿದ್ದಾನೆ, ಯಾರನ್ನು ಎಲ್ಲಿಗೆ ಕಳಿಸಬೇಕು ಎಂದು ನೋಡಿಕೊಳ್ಳುವ ಮೇಜಿನವಳು. ಮೃದುಲಾಳ ಕೋಣೆಗೆ ನೇರವಾಗಿ ಬಂದು, ನನ್ನನ್ನೂ ಪರಿಗಣಿಸಿ ಎಂದಿದ್ದಳು. ಅದಕ್ಕೆ ತಾಂತ್ರಿಕ ಹಿನ್ನೆಲೆ ಬೇಕಲ್ಲವಾ ಎಂದು ಮೃದುಲಾ ನಯವಾಗಿ ಹೇಳಿದಾಗ ಚಂಪಾ, ಆ ಕುರ್ಚಿಯಲ್ಲಿ ಕೂತು ಸ್ಪ್ಯಾನರ್ ತಿರುಗಿಸುವುದಿದೆಯೇ ಎಂದು ಕೇಳಿ ಎದ್ದು ಹೋದಳು. ಮೃದುಲಾ ಆ ಮಾತನ್ನು ಮರೆತೇಬಿಟ್ಟಳು.

ಅಪ್ಪಚ್ಚುವಿಗೆ ಗಾಜಿನ ಬಾಗಿಲಿನ ಕೋಣೆ ಬಂತು. ನೀಲಾ ಊರಿಗೆ ಫೋನ್ ಮಾಡಿ ಅತ್ತೆ ಮಾವನಿಗೆ, ತನ್ನ ಅಣ್ಣನಿಗೆ, ನೆರೆಯವರಿಗೆಲ್ಲ ಹೇಳಿದಳು. ಪುಣೆಯಲ್ಲಿ ನಾಯಕತ್ವದ ಬಗ್ಗೆ ಒಂದು ತರಬೇತಿಯಿತ್ತು, ಅದಕ್ಕೂ ಅವನನ್ನು ಕಳಿಸಿದರು. ಅಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಒಬ್ಬರನ್ನೊಬ್ಬರು ನಡೆಸುವ ಆಟ ಆಡಿಸಿದರು. ವಾಪಸು ಬಂದ ಮೇಲೆ ಕೋಣೆಯಲ್ಲಿ ಕೂತು ಏನು ಮಾಡಬೇಕೆಂಬುದು ಅವನಿಗೆ ಮೊದಲಿನಷ್ಟೇ ಅಸ್ಪಷ್ಟವಾಗಿತ್ತು.

ತಡವಾಗಿ ಬಂದವನನ್ನು ಬೈಯಲು ಅವನಿಗೆ ಬರುತ್ತಿರಲಿಲ್ಲ. ರಜೆ ಕೇಳಿದವರಿಗೆಲ್ಲ ಹೂಂ ಎನ್ನುತ್ತಿದ್ದ, ಆಮೇಲೆ ಜನ ಸಾಲದೆ ತಾನೇ ಬೈಕ್ ಹತ್ತುತ್ತಿದ್ದ. ಯಂತ್ರದ ಮುಂದೆ ನಿಂತರೆ ಮಾತ್ರ ಅವನ ಭುಜ ಸಡಿಲವಾಗುತ್ತಿತ್ತು. ಬೇರೆ ಮೆಕ್ಯಾನಿಕ್ ಅರ್ಧ ಬಿಚ್ಚಿದ್ದನ್ನು ತಾನೇ ಕೈಗೆತ್ತಿಕೊಂಡು ಮುಗಿಸಿಬಿಡುತ್ತಿದ್ದ. ಆ ಹೊತ್ತಿನಲ್ಲಿ ಆಫೀಸಿನಲ್ಲಿ ಅವನ ಫೋನ್ ರಿಂಗಾಗುತ್ತಲೇ ಇರುತ್ತಿತ್ತು. ಚಂಪಾ ತನಗೆ ತೋಚಿದಂತೆ ಜನರನ್ನು ಹಂಚುತ್ತಿದ್ದಳು. ಅವನು ಅದನ್ನು ಅರಿಯದೆ ದಾರಿಯಲ್ಲೇ ಅವರಿಗೆ ಇನ್ನೊಂದು ಕಡೆ ಹೋಗಲು ಹೇಳುತ್ತಿದ್ದ.

ಹೀಗೆ ಒಂದು ದಿನ ಎರಡು ತಂಡಗಳು ಒಂದೇ ಶೀತಲಗೃಹಕ್ಕೆ ಹೋದವು, ಇನ್ನೊಂದಕ್ಕೆ ಯಾರೂ ಹೋಗಲಿಲ್ಲ. ಕಳಮನಾದ ಆ ಎರಡನೆಯ ಕೋಣೆಯಲ್ಲಿ ಒಬ್ಬ ವ್ಯಾಪಾರಿಯ ಕಿತ್ತಳೆ ತುಂಬಿತ್ತು. ಸಂಜೆ ಬಾಗಿಲು ತೆಗೆದಾಗ ಒಳಗಿನಿಂದ ಬೆಚ್ಚಗಿನ, ಹುಳಿ ವಾಸನೆಯ ಗಾಳಿ ಬಂತಂತೆ. ವ್ಯಾಪಾರಿ ಭುಸಾರಿಯವರ ಮನೆಗೇ ಹೋಗಿ ಕೂತ.

ಅದೇ ವಾರ ರಂಜನ್ ರಾಜೀನಾಮೆ ಕೊಟ್ಟ. ರಂಜನ್ ಸೇನೆಗೆ ಮದ್ದುಗುಂಡು ತಯಾರಿಸುವ ಆರ್ಡ್ನೆನ್ಸ್ ಫ್ಯಾಕ್ಟರಿಯ ನೌಕರರೊಬ್ಬರ ಮಗ, ಧಾರವಾಡದ ಮೂಲ, ಆದರೆ ಹುಟ್ಟಿ ಬೆಳೆದದ್ದೆಲ್ಲ ನಾಗಪುರ. ಡಿಪ್ಲೊಮಾ ಮುಗಿಸಿ ಅಪ್ಪಚ್ಚುವಿನ ಹತ್ತಿರವೇ ಕಲಿಯಬೇಕೆಂದು ಬಂದು ಸೇರಿದವನು. ಯಾಕೆ ಬಿಡುತ್ತೀ ಎಂದು ಅಪ್ಪಚ್ಚು ಕೇಳಿದಾಗ ಅವನು ಮೊದಲು ಏನೇನೋ ಹೇಳಿದ, ಕೊನೆಗೆ ನಿಜ ಹೇಳಿದ.

“ಸರ್, ನಿಮ್ ಜೋಡಿ ಬಂದ್ರ ನಾ ಬರೇ ಟಾರ್ಚ್ ಹಿಡ್ಯೂದು. ಒಂದ್ ವಾಲ್ವ್ ಸುದ್ಧಾ ನಾ ಒಬ್ಬನ ತೆಗ್ದಿಲ್ಲ. ಹಿಂಗಾದ್ರ ನಾ ಕಲಿಯೂದು ಯಾವಾಗ?”

ಕಿತ್ತಳೆ ಕೊಳೆತದ್ದಕ್ಕಿಂತ ಈ ಮಾತು ಅಪ್ಪಚ್ಚುವನ್ನು ಹೆಚ್ಚು ನೋಯಿಸಿತು. ಸಹಾಯ ಮಾಡುತ್ತಿದ್ದೇನೆ ಎಂದು ಅವನು ತಿಳಿದಿದ್ದ.

ಮಾರ್ಚ್ ಕೊನೆಗೆ ಎಲ್ಲರ ಕೆಲಸದ ವಾರ್ಷಿಕ ವಿಮರ್ಶೆ ನಡೆಯಿತು. ಪುಣೆಯ ಸಲಹೆಗಾರರು ಕೊಟ್ಟ ಒಂದು ಚೌಕಳಿ ಪಟ ಕಂಪ್ಯೂಟರ್ ಪರದೆಯ ಮೇಲಿತ್ತು. ಯಾರಲ್ಲಿ ಎಷ್ಟು ಸಾಮರ್ಥ್ಯ, ಯಾರ ಕೆಲಸ ಹೇಗಿದೆ ಎಂದು ನೋಡಿ ಒಬ್ಬೊಬ್ಬರ ಹೆಸರನ್ನು ಒಂದೊಂದು ಮನೆಗೆ ಹಾಕಬೇಕು. ಹಿಂದಿನ ವರ್ಷ ಅಪ್ಪಚ್ಚು ಎಲ್ಲಕ್ಕಿಂತ ಮೇಲಿನ ಮನೆಯಲ್ಲಿದ್ದ. ಈ ಸಲ ಭುಸಾರಿ ಅವನ ಹೆಸರನ್ನು ಬೆರಳಿನಿಂದ ಎಳೆದು ತೀರಾ ಕೆಳಕ್ಕೆ ತಂದರು. ಹತ್ತಿರ ಹತ್ತಿರ ಒಂದೇ ವರ್ಷದಲ್ಲಿ ಒಬ್ಬ ಮನುಷ್ಯ ಇಷ್ಟು ಕೆಟ್ಟುಹೋಗುವುದು ಹೇಗೆ ಎಂದು ಮೃದುಲಾ ಆ ಪರದೆಯನ್ನೇ ನೋಡುತ್ತ ಕೂತಳು. ಮನುಷ್ಯ ಬದಲಾಗಿರಲಿಲ್ಲ, ಅವನನ್ನು ಕೂರಿಸಿದ ಜಾಗ ಬದಲಾಗಿತ್ತು. ಅದನ್ನು ತೋರಿಸಲು ಆ ಪಟದಲ್ಲಿ ಮನೆಯೇ ಇರಲಿಲ್ಲ.

ಭುಸಾರಿ ಅವನೊಡನೆ ಮಾತಾಡುವ ಮೊದಲೇ ಅಪ್ಪಚ್ಚು ರಾಜೀನಾಮೆ ಕಳಿಸಿದ. ರಾಯಪುರದಲ್ಲಿ ಬೇರೆ ಕೆಲಸ ಸಿಕ್ಕಿದೆ ಎಂದಷ್ಟೇ ಬರೆದಿದ್ದ.

ಮೃದುಲಾ ಭಾನುವಾರ ಬೆಳಿಗ್ಗೆ ಸ್ಕೂಟರ್ ತೆಗೆದುಕೊಂಡು ಪ್ರತಾಪ ನಗರಕ್ಕೆ ಹೋದಳು. ಬಿಸಿಲು ಆಗಲೇ ಏರಿತ್ತು. ಮನೆಯ ಕಿಟಕಿಗೆ ಕೂಲರ್ ಕೂರಿಸುತ್ತ ಅಪ್ಪಚ್ಚು ಹೊರಗೇ ನಿಂತಿದ್ದ. ಕೈ ಒರೆಸಿಕೊಂಡು ಒಳಗೆ ಕರೆದ. ಅವನೂ ನೀಲಾಳೂ ತಮ್ಮೊಳಗೆ ಕೊಡವ ಮಾತಾಡುವವರು. ಮೃದುಲಾ ಬಂದಳೆಂದು ಕನ್ನಡಕ್ಕೆ ಹೊರಳಿದರು. ಕಾಫಿ ಬಂತು. ಎದುರಿನ ಕೋಣೆಯಲ್ಲಿ ಮಗಳು ಪುಸ್ತಕ ಹಿಡಿದು ಕೂತಿದ್ದಳು. ಅವಳು ಈ ವರ್ಷ ಹತ್ತನೆಯ ತರಗತಿಗೆ ಹೋಗುವವಳು.

ಸ್ವಲ್ಪ ಹೊತ್ತು ಬಿಸಿಲಿನ ಮಾತು ನಡೆಯಿತು. ಆಮೇಲೆ ಮೃದುಲಾ ಕಾಫಿ ಲೋಟ ಕೆಳಗಿಟ್ಟು ಕೇಳಿದಳು. “ಅಪ್ಪಚ್ಚು, ರಾಯಪುರದಾಗ ಯಾವ ಪೋಸ್ಟ್ ಐತ್ರಿ?”

ನೀಲಾ ಗಂಡನಿಗಿಂತ ಮೊದಲು ಉತ್ತರ ಕೊಟ್ಟಳು. ಅಲ್ಲೂ ಮ್ಯಾನೇಜರೇ, ಇನ್ನೂ ದೊಡ್ಡ ಕಂಪನಿ ಅಂತೆ ಎಂದಳು.

ಅಪ್ಪಚ್ಚು ತನ್ನ ಅಂಗೈಗಳನ್ನು ನೋಡಿಕೊಂಡ. ಕೂಲರಿನ ತುಕ್ಕು ಬೆರಳ ಸಂದಿಯಲ್ಲಿ ಇನ್ನೂ ಇತ್ತು. ಮೃದುಲಾ ಕಾದಳು. ಸುಳ್ಳನ್ನು ಮುಂದುವರಿಸಬಹುದಿತ್ತು, ಅವನಿಗೆ ಅದೂ ಆಗಲಿಲ್ಲ.

“ಮ್ಯಾನೇಜರ್ ಅಲ್ಲ ನೀಲಾ. ಮೆಕ್ಯಾನಿಕ್ ಕೆಲಸ. ಬಡ್ತಿಗೆ ಮೊದಲು ಇಲ್ಲಿ ಏನು ಮಾಡ್ತಿದ್ನೋ ಅದೇ.”

ನೀಲಾ ಎದ್ದು ಹೋಗಿ ಮಗಳ ಕೋಣೆಯ ಬಾಗಿಲು ಹಾಕಿಕೊಂಡು ಬಂದಳು. ಮತ್ತೆ ಕೂತಳು.

ಇಲ್ಲಿಯೇ ಕೆಳಗಿಳಿದರೆ ಎಲ್ಲರೂ ನೋಡುತ್ತಾರೆ ಎಂದು ಅಪ್ಪಚ್ಚು ಮೆಲ್ಲಗೆ ಹೇಳತೊಡಗಿದ. ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಊರಿನವರಿಗೂ ಕೆಲಸ ಬದಲಾಯಿಸಿದ ಎಂದಷ್ಟೇ ತಿಳಿಯುತ್ತದೆ. ಸಮಯ ನೋಡಿ ನಿನಗೆ ಹೇಳುವವನಿದ್ದೆ ಎಂದ. ಯಾವಾಗ ಎಂದು ನೀಲಾ ಕೇಳಿದಳು.

“ಮ್ಯಾನೇಜರ್ ಅಂತ ಹೇಳ್ಕೊಳ್ಳೋಕೆ ನಂಗೆ ಇಷ್ಟ ಆಗಿತ್ತು, ಸುಳ್ಳು ಯಾಕೆ ಹೇಳ್ಲಿ,” ಎಂದಳು ನೀಲಾ. ಅವಳ ಧ್ವನಿ ಸಣ್ಣದಾಗಿತ್ತು. “ಆದ್ರೆ ಆ ಕೋಣೆಗೆ ಹೋದ ಮೇಲೆ ನೀವು ಒಂದಿನಾನೂ ಸಾರಿಗೆ ಉಪ್ಪು ಕಮ್ಮಿ ಅಂತ ಜಗಳ ತೆಗೀಲಿಲ್ಲ. ಏನು ಹಾಕಿದ್ರೂ ತಿಂದು ಏಳ್ತಿದ್ರಿ. ನಾನು ನೋಡ್ತಾನೇ ಇದ್ದೆ, ಕೇಳೋಕೆ ಹೆದರಿಕೆ ಆಗ್ತಿತ್ತು.”

ಗಂಡ ಹೆಂಡತಿಯ ನಡುವೆ ತಾನು ಕೂತಿರಬಾರದಿತ್ತು ಎಂದು ಮೃದುಲಾಳಿಗೆ ಅನಿಸಿತು. ಆದರೆ ಎದ್ದು ಹೋದರೆ ಬಂದ ಕೆಲಸ ಆಗುವುದಿಲ್ಲ. ಇದೇ ಕಂಪನಿಯಲ್ಲಿ, ಇದೇ ಊರಿನಲ್ಲಿ, ಜನರನ್ನು ಆಳುವ ಗೋಜಿಲ್ಲದ ಒಂದು ದೊಡ್ಡ ಹುದ್ದೆ ಇದ್ದರೆ ನಿಲ್ಲುತ್ತೀರಾ ಎಂದು ಕೇಳಿದಳು. ಕಷ್ಟದ ಯಂತ್ರಗಳನ್ನು ನೋಡುವುದು, ಹುಡುಗರನ್ನು ತಯಾರು ಮಾಡುವುದು, ಅಷ್ಟೇ. ಹೆಸರು, ಸಂಬಳ, ಗೌರವ ಮ್ಯಾನೇಜರಿನಷ್ಟೇ.

ಅಂಥ ಹುದ್ದೆ ಇದೆಯಾ ಎಂದು ಅಪ್ಪಚ್ಚು ಕೇಳಿದ.

“ಇಲ್ಲ,” ಎಂದಳು ಮೃದುಲಾ. “ಇನ್ನ ಮಾಡಬೇಕು. ಸಾಹೇಬ್ರು ಒಪ್ಪತಾರಂತ ನಾ ಈಗ ಹೇಳಂಗಿಲ್ಲ. ಆದ್ರ ನೀವು ಹೂಂ ಅಂದ್ರ ನಾ ಕೇಳ್ತೀನಿ. ಬರೋಬರ್ ಕೇಳ್ತೀನಿ.”

ಅಪ್ಪಚ್ಚು ಹೆಂಡತಿಯ ಮುಖ ನೋಡಿದ. ರಾಯಪುರಕ್ಕೆ ನಾನು ಬರುವುದಿಲ್ಲ, ಮಗಳ ಹತ್ತನೆಯ ತರಗತಿ ಕೆಡಿಸಿಕೊಂಡು ಬಚ್ಚಿಟ್ಟುಕೊಳ್ಳುವಂಥದ್ದು ನಾವೇನೂ ಮಾಡಿಲ್ಲ ಎಂದಳು ನೀಲಾ. ಕಾಫಿ ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದಳು. ಅದನ್ನು ಹೂಂ ಎಂದು ತಿಳಿದುಕೊಂಡು ಮೃದುಲಾ ಎದ್ದಳು.

ಭುಸಾರಿಯವರ ಮುಂದೆ ಮಾತು ಅಷ್ಟು ಸುಲಭವಾಗಲಿಲ್ಲ. ಅವರು ಕೂಗಾಡುವವರಲ್ಲ. ಒಪ್ಪದಿದ್ದರೆ ಕನ್ನಡಕ ತೆಗೆದು ಒರೆಸುತ್ತ ಕೂರುವವರು. ಅಂದು ಬಹಳ ಹೊತ್ತು ಒರೆಸಿದರು. ಇದು ಹಿಂಬಡ್ತಿ, ಅದಕ್ಕೆ ಒಳ್ಳೆಯ ಹೆಸರಿಟ್ಟರೆ ಯಾರು ನಂಬುತ್ತಾರೆ ಎಂದರು. ತಪ್ಪು ಮಾಡಿದವನಿಗೆ ಮ್ಯಾನೇಜರಿನ ಸಂಬಳ ಉಳಿಸಿದರೆ ನಾಳೆ ಎಲ್ಲರೂ ಬಂದು ನಿಲ್ಲುತ್ತಾರೆ ಎಂದರು. ತಾವೂ ಒಂದು ಕಾಲದಲ್ಲಿ ಫಿಟ್ಟರ್ ಆಗಿದ್ದುದನ್ನು, ಕಷ್ಟಪಟ್ಟು ಜನರನ್ನು ನಡೆಸಲು ಕಲಿತದ್ದನ್ನು ಹೇಳಿದರು. ಕಲಿಯಬಹುದು, ಅವನು ಕಲಿಯಲಿಲ್ಲ ಎಂದರು.

ಮೃದುಲಾ ವಾದ ಮಾಡಲಿಲ್ಲ. ಕಳೆದ ವರ್ಷ ಅಪ್ಪಚ್ಚು ತಾನೇ ರಿಪೇರಿಗೆ ಹೋಗುತ್ತಿದ್ದಾಗ ನಾವು ಕಳೆದುಕೊಂಡ ಗ್ರಾಹಕ ಯಾರು ಎಂದು ಕೇಳಿದಳು. ಒಬ್ಬರೂ ಇರಲಿಲ್ಲ. ಈ ವರ್ಷ ನಮ್ಮಲ್ಲಿದ್ದ ಒಳ್ಳೆಯ ಮೆಕ್ಯಾನಿಕ್ ಕೈಬಿಟ್ಟುಹೋದ, ಅದೇ ಹೊತ್ತಿಗೆ ಒಬ್ಬ ಕೆಟ್ಟ ಮ್ಯಾನೇಜರ್ ಸಿಕ್ಕಿದ, ಎರಡನ್ನೂ ಮಾಡಿದ್ದು ನಾವು ಎಂದಳು. ನಮ್ಮಲ್ಲಿ ಮೇಲೆ ಹೋಗಲು ಇರುವುದು ಒಂದೇ ಏಣಿ, ಅದಕ್ಕೇ ಎಲ್ಲರನ್ನೂ ಅದನ್ನೇ ಹತ್ತಿಸುತ್ತೇವೆ ಎಂದಳು. ಭುಸಾರಿ ಕನ್ನಡಕ ಹಾಕಿಕೊಂಡರು. ಸರಿ, ಹಾಗಾದರೆ ಆ ಕುರ್ಚಿಯಲ್ಲಿ ಯಾರು ಎಂದು ಕೇಳಿದರು.

ಚಂಪಾ ಎಂದಾಗ ಅವರು ನಕ್ಕುಬಿಟ್ಟರು. ಫೋನ್ ಎತ್ತುವವಳೇ ಎಂದರು. ಜನ ಎಲ್ಲಿದ್ದಾರೆ, ಯಾರಿಗೆ ಯಾವ ಕೆಲಸ ಕೊಟ್ಟರೆ ಮುಗಿಯುತ್ತದೆ ಎಂಬುದು ಅವಳಷ್ಟು ಯಾರಿಗೂ ತಿಳಿದಿಲ್ಲ, ಮೇಲಾಗಿ ಅವಳಿಗೆ ಆ ಕೆಲಸ ಬೇಕಾಗಿದೆ ಎಂದಳು ಮೃದುಲಾ. ಬೇಕು ಎನ್ನುವವಳನ್ನು ಬಿಟ್ಟು ಬೇಡದವನನ್ನು ಕೂರಿಸಿದ್ದೆವು. ಕೊನೆಗೆ ಭುಸಾರಿ ಆರು ತಿಂಗಳು ನೋಡೋಣ ಎಂದರು. ಒಪ್ಪಿದ್ದರಿಂದ ಅಲ್ಲ, ಬೇರೆ ದಾರಿ ತೋಚದ್ದರಿಂದ.

ಚಂಪಾಳಿಗೆ ಹೇಳಿದಾಗ ಅವಳು ಧನ್ಯವಾದ ಹೇಳುವ ಮೊದಲು ಷರತ್ತು ಹಾಕಿದಳು. ತಾತ್ಕಾಲಿಕ, ಪ್ರಭಾರ ಎಂಬ ಪದಗಳು ತನ್ನ ಹೆಸರಿನ ಮುಂದೆ ಇರಕೂಡದು. ಕೋಣೆ ಬೇಕು, ಪೂರ್ತಿ ಹೆಸರಿನ ಫಲಕ ಬೇಕು. “ನಾನು ಬಾಡಿಗೆಗೆ ಕೂರುವವಳಲ್ಲ,” ಎಂದು ಮರಾಠಿಯಲ್ಲಿ ಹೇಳಿದಳು. “ಇನ್ನೊಂದು ಮಾತು. ಅಪ್ಪಚ್ಚು ಇರಲೇಬೇಕು. ಯಂತ್ರದ ವಿಷಯದಲ್ಲಿ ಅವರ ಮಾತೇ ಕೊನೆ. ಜನರ ವಿಷಯದಲ್ಲಿ ನನ್ನದು.”

ಮುಂದಿನ ಸೋಮವಾರ ಎಲ್ಲ ಮೆಕ್ಯಾನಿಕ್‌ಗಳನ್ನು ಕೆಲಸದ ಶೆಡ್ಡಿನಲ್ಲಿ ಸೇರಿಸಿದರು. ಮೃದುಲಾ ಹೇಳಬೇಕೆಂದಿದ್ದಳು. ಆದರೆ ಅವಳು ಬಾಯಿ ತೆರೆಯುವಷ್ಟರಲ್ಲಿ ಅಪ್ಪಚ್ಚು ಮುಂದೆ ಬಂದು ನಿಂತ. ಮ್ಯಾನೇಜರ್ ಕೆಲಸ ನನಗೆ ಬರಲಿಲ್ಲ ಎಂದು ಹಿಂದಿಯಲ್ಲಿ ಹೇಳಿದ. ಕಿತ್ತಳೆ ಹಾಳಾದದ್ದು ನನ್ನ ತಪ್ಪಿನಿಂದ. ನಾನಾಗಿಯೇ ಯಂತ್ರಗಳ ಕೆಲಸಕ್ಕೆ ವಾಪಸು ಬರುತ್ತಿದ್ದೇನೆ. ಇನ್ನು ಮೇಲೆ ಚಂಪಾ ಮೇಡಂ ಹೇಳಿದಲ್ಲಿಗೆ ನಾನೂ ಹೋಗುತ್ತೇನೆ. ಹೇಳುವಾಗ ಅವನ ಕತ್ತಿನ ಮೇಲೆ ಬೆವರು ಇಳಿಯುತ್ತಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ಹಿರಿಯ ಮೆಕ್ಯಾನಿಕ್ ಎದ್ದು ಹೊರಗೆ ಹೋದ. ಚಂಪಾಳ ಕೈಕೆಳಗೆ ಕೆಲಸ ಮಾಡುವುದಿಲ್ಲ ಎಂದು ಆ ತಿಂಗಳ ಕೊನೆಗೆ ಕಂಪನಿಯನ್ನೇ ಬಿಟ್ಟ. ಅವನನ್ನು ಉಳಿಸಿಕೊಳ್ಳಲು ಮೃದುಲಾ ಮಾಡಿದ ಪ್ರಯತ್ನ ಫಲಿಸಲಿಲ್ಲ.

ಸಭೆ ಮುಗಿದ ಮೇಲೆ ಅಪ್ಪಚ್ಚು ರಂಜನ್‌ನನ್ನು ತಡೆದ. ರಂಜನ್ ನೋಟಿಸ್ ಅವಧಿಯ ಕೊನೆಯಲ್ಲಿದ್ದ.

“ನೀನು ಹೇಳಿದ್ದು ಸರಿ ಇತ್ತು,” ಎಂದ ಅಪ್ಪಚ್ಚು. “ನಂಗೆ ಕೈ ಕಟ್ಕೊಂಡು ನಿಲ್ಲೋಕೆ ಬರಲ್ಲ. ಈಗ ಕಲೀಬೇಕು. ನೀನು ಇದ್ರೆ ಕಲೀಬಹುದು.”

ರಂಜನ್ ತಲೆ ಕೆರೆದುಕೊಂಡ. ಮರುದಿನ ಹೋಗಿ ರಾಜೀನಾಮೆ ವಾಪಸು ತೆಗೆದುಕೊಂಡ.

ಮೇ ತಿಂಗಳ ಒಂದು ಮಧ್ಯಾಹ್ನ ಕಳಮನಾದಿಂದ ಫೋನ್ ಬಂತು. ಮೆಣಸಿನಕಾಯಿ ತುಂಬಿದ ಕೋಣೆ ತಂಪಾಗುತ್ತಿಲ್ಲ. ಚಂಪಾ ಅಪ್ಪಚ್ಚುವನ್ನೂ ರಂಜನ್‌ನನ್ನೂ ಒಟ್ಟಿಗೆ ಕಳಿಸಿದಳು. ಕೆಲಸ ರಂಜನ್‌ನದು ಎಂದು ಫೋನಿನಲ್ಲಿ ಇಬ್ಬರಿಗೂ ಸ್ಪಷ್ಟವಾಗಿ ಹೇಳಿದಳು. ಹೊರಗೆ ಹಮಾಲರು ತಲೆಗೆ ಒದ್ದೆ ಟವಲು ಸುತ್ತಿಕೊಂಡು ಚೀಲ ಇಳಿಸುತ್ತಿದ್ದರು, ಗಾಳಿಯಲ್ಲಿ ಮೆಣಸಿನ ಘಾಟು ಕಣ್ಣು ಉರಿಸುತ್ತಿತ್ತು. ಯಂತ್ರದ ಕೋಣೆಯಲ್ಲಿ ಅಪ್ಪಚ್ಚು ಒಂದು ಪ್ಲಾಸ್ಟಿಕ್ ಕ್ರೇಟ್ ಬೋರಲು ಹಾಕಿ ಅದರ ಮೇಲೆ ಕೂತ.

ರಂಜನ್ ಒತ್ತಡ ತೋರಿಸುವ ಮೀಟರಿನ ಮುಳ್ಳು ನೋಡಿದ, ಯಂತ್ರದ ಸುತ್ತ ತಿರುಗಿದ, ತಂಪು ಮಾಡುವ ಗ್ಯಾಸ್ ಕಡಿಮೆಯಾಗಿದೆ ಎಂದ. ಹೊಸ ಸಿಲಿಂಡರ್ ತರಿಸಲು ಫೋನ್ ತೆಗೆದ. ಅದಲ್ಲ ಎಂದು ಅಪ್ಪಚ್ಚುವಿಗೆ ಒಳಗೆ ಬಂದಾಗಲೇ ಗೊತ್ತಾಗಿತ್ತು. ಅವನ ಬೆರಳುಗಳು ತಾವಾಗಿಯೇ ಮೇಲೆದ್ದವು. ಅವನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತ. ಕೋಣೆಯ ಮಾಲೀಕ ಬಂದು, ನೀವು ಯಾಕೆ ಸುಮ್ಮನೆ ಕೂತಿದ್ದೀರಿ, ನನ್ನ ಮಾಲು ಹಾಳಾಗುತ್ತಿದೆ ಎಂದು ಗದರಿದ. ಇವರು ನೋಡುತ್ತಿದ್ದಾರೆ, ಚೆನ್ನಾಗಿಯೇ ನೋಡುತ್ತಿದ್ದಾರೆ, ಮಾಲಿಗೆ ಏನೂ ಆಗದಂತೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ ಎಂದ ಅಪ್ಪಚ್ಚು. ಆ ಮಾತು ಕೇಳಿದ ರಂಜನ್ ಫೋನ್ ಕೆಳಗಿಳಿಸಿದ.

“ಗ್ಯಾಸ್ ಕಮ್ಮಿ ಅಂತ ಹೇಗೆ ಗೊತ್ತಾಯ್ತು?” ಎಂದಷ್ಟೇ ಕೇಳಿದ ಅಪ್ಪಚ್ಚು.

ರಂಜನ್ ಹೇಳಲು ಹೊರಟು ನಿಲ್ಲಿಸಿದ. ಗ್ಯಾಸ್ ಕಡಿಮೆಯಾದರೆ ಇನ್ನೇನೇನು ಕಾಣಬೇಕಿತ್ತು ಎಂದು ತನ್ನೊಳಗೇ ಎಣಿಸಿದ. ಮತ್ತೆ ಪೈಪಿನ ಉದ್ದಕ್ಕೂ ಕೈಯಾಡಿಸುತ್ತ ಹೋದ, ಬೆಚ್ಚಗೆ, ಬೆಚ್ಚಗೆ, ಆಮೇಲೆ ಒಂದು ಕಡೆ ಒಮ್ಮೆಲೇ ತಣ್ಣಗೆ. ಆ ಜಾಗದಲ್ಲಿ ತೆಳುವಾಗಿ ಹಿಮ ಕಟ್ಟಿತ್ತು. ಒಳಗೆ ಕಸ ಸೋಸುವ ಜಾಲರಿ ಕಟ್ಟಿಕೊಂಡು ಗ್ಯಾಸ್ ಸರಿಯಾಗಿ ಮುಂದೆ ಹೋಗುತ್ತಿರಲಿಲ್ಲ. ರಂಜನ್ ವಾಲ್ವ್ ಮುಚ್ಚಿದ, ಒಳಗೆ ಉಳಿದ ಒತ್ತಡವನ್ನು ಜಾಗ್ರತೆಯಿಂದ ಇಳಿಸಿದ, ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಜಾಲರಿ ತೆಗೆದು ಶುಚಿ ಮಾಡಿದ. ಅಪ್ಪಚ್ಚು ಮಾಡುತ್ತಿದ್ದರೆ ಅರ್ಧ ಹೊತ್ತಿನಲ್ಲಿ ಮುಗಿಯುತ್ತಿತ್ತು. ಒಂದು ಬೋಲ್ಟ್ ಕೈಜಾರಿ ಚರಂಡಿಗೆ ಬಿತ್ತು, ಇಬ್ಬರೂ ಮೊಣಕಾಲೂರಿ ಹುಡುಕಿದರು. ಸಂಜೆಯ ಹೊತ್ತಿಗೆ ಕೋಣೆಯ ಉಷ್ಣತೆ ಇಳಿಯತೊಡಗಿತು. ರಂಜನ್ ಮುಖದ ತುಂಬ ಎಣ್ಣೆ ಬಳಿದುಕೊಂಡು, ಹೊರಗೆ ಬಂದು ತನ್ನ ತಂದೆಗೆ ಫೋನ್ ಮಾಡಿದ. ಅಪ್ಪಚ್ಚು ಒಳಗೇ ನಿಂತು ಯಂತ್ರದ ಸದ್ದು ಕೇಳಿದ. ಅದು ಸರಿಯಾಗಿತ್ತು. ತಾನು ಮುಟ್ಟದೆಯೂ ಒಂದು ಯಂತ್ರ ಸರಿಯಾದಾಗ ಇಷ್ಟು ಸಂತೋಷವಾಗುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಎಲ್ಲವೂ ಒಮ್ಮೆಲೇ ನೆಟ್ಟಗಾಯಿತು ಎಂದೇನಲ್ಲ. ಚಂಪಾಳ ಮಾತು ಖಾರ, ಮೊದಲ ತಿಂಗಳುಗಳಲ್ಲಿ ಇಬ್ಬರು ಅವಳ ಮೇಲೆ ದೂರು ತಂದರು. ಮೃದುಲಾ ಅವಳೊಡನೆ ಕೂತು ಮಾತಾಡಿದಳು. ಚಂಪಾ ಅರ್ಧ ಒಪ್ಪಿದಳು. ಆದರೆ ಬೇಸಿಗೆಯುದ್ದಕ್ಕೂ ಯಾವ ಕೋಣೆಯೂ ಮೆಕ್ಯಾನಿಕ್ ಬರಲಿಲ್ಲವೆಂದು ಬೆಚ್ಚಗಾಗಲಿಲ್ಲ. ಮಳೆ ಶುರುವಾದ ಮೇಲೆ ಭುಸಾರಿ ಮೃದುಲಾಳನ್ನು ಕರೆದು, ವಿನ್ಯಾಸ ವಿಭಾಗದ ಇನ್ನೊಬ್ಬನೂ ಅಪ್ಪಚ್ಚುವಿನಂಥ ಹುದ್ದೆ ಕೇಳುತ್ತಿದ್ದಾನೆ, ಏನು ಮಾಡೋಣ ಎಂದರು. ಅವರ ಕನ್ನಡಕ ಮೂಗಿನ ಮೇಲೆಯೇ ಇತ್ತು. ಅವನಿಗೆ ಯಾವುದು ಚೆನ್ನಾಗಿ ಬರುತ್ತದೆ, ಯಾವುದು ಬೇಕಾಗಿದೆ ಎಂದು ಮೊದಲು ಅವನನ್ನೇ ಕೇಳೋಣ ಎಂದಳು ಮೃದುಲಾ.

ಕಂಪನಿಯ ಶೆಡ್ಡಿನ ಹಿಂಭಾಗದಲ್ಲಿ ಹಳೆಯ ಸಾಮಾನು ತುಂಬಿದ್ದ ಜಾಗವನ್ನು ಅಪ್ಪಚ್ಚು ಖಾಲಿ ಮಾಡಿಸಿದ. ಅಲ್ಲಿ ಗುಜರಿಗೆ ಹೋಗಬೇಕಿದ್ದ ಕಂಪ್ರೆಸರುಗಳನ್ನು ಸಾಲಾಗಿ ಇಟ್ಟು, ಶನಿವಾರ ಮಧ್ಯಾಹ್ನ ಕಲಿಯಲು ಬಂದವರಿಗೆ ಬಿಚ್ಚಲು ಕೊಡುತ್ತಿದ್ದ. ಮೊದಲು ಮೂವರು ಬಂದರು, ಆಮೇಲೆ ಹೆಚ್ಚಾದರು. ಒಂದು ಶನಿವಾರ ಮೃದುಲಾ ಅತ್ತ ಹೋದಾಗ ರಂಜನ್ ಒಂದು ವಿಚಿತ್ರ ವಿದೇಶಿ ಯಂತ್ರದ ಮುಂದೆ ಕೂತು, ಇದರ ಈ ಭಾಗ ಯಾಕಿದೆ ಎಂದು ಕೇಳುತ್ತಿದ್ದ. ಅಪ್ಪಚ್ಚು ಬಗ್ಗಿ ನೋಡಿದ, ಸುತ್ತು ಹಾಕಿ ಇನ್ನೊಂದು ಬದಿಯಿಂದ ನೋಡಿದ.

“ನಂಗೂ ಗೊತ್ತಿಲ್ಲ,” ಎಂದ. “ಬಿಚ್ಚಿ ನೋಡೋಣ.”

ಅವನು ಸ್ಪ್ಯಾನರ್ ತೆಗೆದು ರಂಜನ್‌ನ ಕೈಗೆ ಕೊಟ್ಟು, ತಾನೂ ಪಕ್ಕದಲ್ಲಿ ನೆಲದ ಮೇಲೆ ಕೂತ.